ಬೆಂಡೆಕಾಯಿ: ಆರೋಗ್ಯ, ಅಡುಗೆ ಮತ್ತು ಆ ಲೋಳೆ – ಪದೇ ಪದೇ ಕೇಳುವ ಪ್ರಶ್ನೆಗಳು

ಹಸಿರು ತರಕಾರಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೆಂಡೆಕಾಯಿ. ಇದರ ಬಗ್ಗೆ ಜನ ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಲೋಳೆಯ ಸುತ್ತಲೇ ಇರುತ್ತವೆ. ಅಡುಗೆ ಮಾಡುವವರಿಗೆ ಅದು ಹೋಗಬೇಕು, ಆರೋಗ್ಯ ನೋಡುವವರಿಗೆ ಅದೇ ಬೇಕು. ಲೋಳೆ ಏನು, ಅದು ಯಾವಾಗ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾದರೆ ಎರಡೂ ಕಡೆಯವರ ಸಮಸ್ಯೆ ಬಗೆಹರಿಯುತ್ತದೆ. ಅದಕ್ಕೇ ಇಲ್ಲಿ ಲೋಳೆಗೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಬೆಂಡೆಕಾಯಿಯಲ್ಲಿ ಅಂಥದ್ದೇನಿದೆ?

100 ಗ್ರಾಂ ಹಸಿ ಬೆಂಡೆಕಾಯಿಯಲ್ಲಿ ಸುಮಾರು 90 ಗ್ರಾಂ ನೀರೇ ಇರುತ್ತದೆ. ಶಕ್ತಿ 33 ಕ್ಯಾಲೊರಿ ಅಷ್ಟೇ. ನಾರು 3.2 ಗ್ರಾಂ, ಪ್ರೋಟೀನ್ ಹತ್ತಿರ ಹತ್ತಿರ 2 ಗ್ರಾಂ. ವಿಟಮಿನ್ ಸಿ ಸುಮಾರು 23 ಮಿಲಿಗ್ರಾಂ, ವಿಟಮಿನ್ ಕೆ 31 ಮೈಕ್ರೋಗ್ರಾಂ, ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) 60 ಮೈಕ್ರೋಗ್ರಾಂ. ಮೆಗ್ನೀಸಿಯಂ 57 ಮಿಲಿಗ್ರಾಂ, ಪೊಟ್ಯಾಸಿಯಂ 300 ಮಿಲಿಗ್ರಾಂ ಆಸುಪಾಸು, ಕ್ಯಾಲ್ಸಿಯಂ 82 ಮಿಲಿಗ್ರಾಂ. ತಳಿ, ಮಣ್ಣು, ಎಳಸು ಬಲಿತ ಅನ್ನುವುದರ ಮೇಲೆ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಾರು ಮತ್ತು ಫೋಲೇಟ್. ಕಬ್ಬಿಣದ ಅಂಶ ಮಾತ್ರ 0.6 ಮಿಲಿಗ್ರಾಂ ಅಷ್ಟೇ, ಅಂದರೆ ಕಡಿಮೆ. ಹಾಗಾಗಿ ರಕ್ತ ಕಡಿಮೆ ಇರುವವರು ಬೆಂಡೆಕಾಯಿಯನ್ನೇ ನಂಬಿಕೊಂಡು ಕೂರಬಾರದು.

ಇದು ತರಕಾರಿಯಾ, ಹಣ್ಣಾ?

ಅಡುಗೆಮನೆಯಲ್ಲಿ ತರಕಾರಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹೂವಿನಿಂದ ಬಂದ, ಒಳಗೆ ಬೀಜ ಇರುವ ಕಾಯಿ. ಹತ್ತಿ, ದಾಸವಾಳ, ಕೋಕೋ ಎಲ್ಲವೂ ಇದರ ಕುಟುಂಬದ ಗಿಡಗಳೇ. ಬೆಂಡೆ ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ: ತಿಳಿ ಹಳದಿ ಎಸಳು, ನಡುವೆ ಕಡುಗೆಂಪು ಕಣ್ಣು, ಥೇಟ್ ದಾಸವಾಳದ ತಂಗಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟಾಗ ಇದನ್ನು ದಾಸವಾಳದ ಗುಂಪಿಗೇ ಸೇರಿಸಿದ್ದ. ಮುಂದೆ ಅದಕ್ಕೆ ಬೇರೆ ಗುಂಪು ಮಾಡಿದರು. ದಾಸವಾಳದ ಎಲೆ ಕಿವುಚಿದರೂ ಲೋಳೆ ಬರುತ್ತದೆ, ಅಲ್ವಾ? ಆ ಗುಣ ಇಡೀ ಕುಟುಂಬಕ್ಕೇ ಇದೆ.

ಆ ಲೋಳೆ ಏನು? ಅದು ಕೆಟ್ಟದ್ದಾ?

ಖಂಡಿತ ಕೆಟ್ಟದ್ದಲ್ಲ. ಅದು ನೀರಿನಲ್ಲಿ ಕರಗುವ ನಾರು. ಸಕ್ಕರೆಯ ಜಾತಿಯ ಸಣ್ಣ ಸಣ್ಣ ಕಣಗಳು ಉದ್ದ ಸರಪಳಿಯಾಗಿ ಜೋಡಿಸಿಕೊಂಡಿರುತ್ತವೆ. ಕಾಯಿಯೊಳಗೆ ಇದನ್ನು ಇಟ್ಟುಕೊಂಡಿರುವ ಕೋಶಗಳಿವೆ. ಚಾಕು ತಾಗಿದಾಗ ಕೋಶ ಒಡೆಯುತ್ತದೆ, ಸರಪಳಿಗಳು ಹೊರಗೆ ಬರುತ್ತವೆ. ಅಲ್ಲಿ ನೀರು ಸಿಕ್ಕಿದರೆ ಅದನ್ನು ಹೀರಿ ಊದಿಕೊಳ್ಳುತ್ತವೆ. ನಮ್ಮ ಕೈಗೆ ಅಂಟುವುದು ಅದೇ.

ಇದರಿಂದ ಮೂರು ವಿಷಯ ತಾನಾಗೇ ಗೊತ್ತಾಗುತ್ತದೆ. ಹೆಚ್ಚು ಚಾಕು ಬಿದ್ದಷ್ಟೂ ಹೆಚ್ಚು ಲೋಳೆ. ಹೆಚ್ಚು ನೀರು ಸೇರಿದಷ್ಟೂ ಹೆಚ್ಚು ಲೋಳೆ. ಹುಳಿ ಬಿದ್ದರೆ ಲೋಳೆ ತೆಳುವಾಗುತ್ತದೆ, ಯಾಕೆಂದರೆ ಹುಳಿಯಲ್ಲಿ ಆ ಸರಪಳಿಗಳು ಮುದುಡಿಕೊಳ್ಳುತ್ತವೆ. ಬೆಂಡೆಕಾಯಿ ಅಡುಗೆಯ ಹೆಚ್ಚುಕಡಿಮೆ ಎಲ್ಲ ಉಪಾಯಗಳೂ ಈ ಮೂರರಿಂದಲೇ ಹುಟ್ಟಿದವು.

ಹುರಿದು ಲೋಳೆ ಹೋಗಿಸಿದರೆ ಒಳ್ಳೆಯ ಗುಣವೂ ಹೋಗುವುದಿಲ್ಲವಾ?

ಹೋಗುವುದಿಲ್ಲ. ಹುರಿದಾಗ ಹೋಗುವುದು ನೀರು. ನಾರು ಕಾಯಿಯ ಮೇಲೇ ಒಣಗಿ ಕೂರುತ್ತದೆ. ಅದು ಹೊಟ್ಟೆಗೆ ಹೋಗಿ ಅಲ್ಲಿನ ನೀರು ಸಿಕ್ಕಿದಾಗ ಮತ್ತೆ ಸ್ವಲ್ಪ ಮಟ್ಟಿಗೆ ಊದಿಕೊಳ್ಳುತ್ತದೆ. ನಾಲಿಗೆಗೆ ಅಂಟು ಬೇಡ ಅನ್ನುವವರು ಗರಿಗರಿಯಾಗಿ ಹುರಿದು ತಿಂದರೂ ನಾರಿನ ಲಾಭ ಸಿಗುತ್ತದೆ.

ನಾರು ನಿಜವಾಗಿ ಕಳೆದುಹೋಗುವುದು ಬೇರೆ ಕಡೆ. ಹೆಚ್ಚಿದ ಬೆಂಡೆಕಾಯಿಯನ್ನು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಕರಗಿದ ನಾರು, ವಿಟಮಿನ್ ಸಿ, ಫೋಲೇಟ್ ಎಲ್ಲದರಲ್ಲೂ ಒಂದು ಪಾಲು ಮೋರಿಗೆ ಹೋಗುತ್ತದೆ. ಬೇಯಿಸಿ ನೀರು ಬಸಿದ ಬೆಂಡೆಕಾಯಿಯಲ್ಲಿ ವಿಟಮಿನ್ ಸಿ 23ರಿಂದ ಸುಮಾರು 16 ಮಿಲಿಗ್ರಾಂಗೆ ಇಳಿಯುತ್ತದೆ. ನೀರಿನಲ್ಲಿ ಬೇಯಿಸಲೇಬೇಕು ಅಂದರೆ ಆ ನೀರನ್ನೂ ಅಡುಗೆಗೇ ಬಳಸಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಳ್ಳೆಯದಾ?

ಊಟದ ಭಾಗವಾಗಿ ಒಳ್ಳೆಯದು. ಪಿಷ್ಟ ಕಡಿಮೆ, ನಾರು ಇದೆ. ಕರಗುವ ನಾರು ಹೊಟ್ಟೆಯಲ್ಲಿರುವ ಊಟವನ್ನು ಮಂದ ಮಾಡುತ್ತದೆ. ಹಾಗಾಗಿ ಅದರೊಡನೆ ತಿಂದ ಊಟದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಈ ಗುಣ ಬೆಂಡೆಕಾಯಿಗೆ ಮಾತ್ರ ಸೀಮಿತವಲ್ಲ. ಓಟ್ಸ್, ಕಾಳುಗಳ ನಾರೂ ಹೀಗೇ ಕೆಲಸ ಮಾಡುತ್ತದೆ.

ಬೆಂಡೆಕಾಯಿ ಪುಡಿ ಮತ್ತು ಸಾರ ಕೊಟ್ಟು ಮಾಡಿದ ಕೆಲವು ಸಣ್ಣ ಪ್ರಯೋಗಗಳಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದದ್ದು ಕಂಡಿದೆ. ಆದರೆ ಕೆಲವೇ ಜನರ ಮೇಲೆ, ಕೆಲವೇ ವಾರ ನಡೆದ ಪ್ರಯೋಗಗಳು ಅವು. ಅದರ ಆಧಾರದ ಮೇಲೆ ಮಾತ್ರೆ ಬಿಡುವುದು ಅಪಾಯ. ಇದನ್ನು ಒತ್ತಿ ಹೇಳುತ್ತೇನೆ: ಬೆಂಡೆಕಾಯಿ ತಿನ್ನಿ, ಮಾತ್ರೆಯನ್ನೂ ತಗೊಳ್ಳಿ.

ರಾತ್ರಿ ನೆನೆಸಿಟ್ಟ ಬೆಂಡೆಕಾಯಿ ನೀರು ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತಾ?

ಇಲ್ಲ. ನಾಲ್ಕು ಕಾಯಿ ಸೀಳಿ ಒಂದು ಲೋಟ ನೀರಿನಲ್ಲಿ ಇಟ್ಟರೆ ಆ ನೀರಿಗೆ ಬರುವುದು ಸ್ವಲ್ಪ ಲೋಳೆ, ಸ್ವಲ್ಪ ವಿಟಮಿನ್. ಕರಗದ ನಾರು, ಬೀಜ, ತಿರುಳು ಎಲ್ಲ ಕಾಯಿಯಲ್ಲೇ ಉಳಿಯುತ್ತವೆ. ಅದನ್ನು ಎಸೆದು ನೀರು ಮಾತ್ರ ಕುಡಿಯುವುದರಲ್ಲಿ ಏನು ಲಾಭ? ಕಾಯಿಯನ್ನೇ ತಿಂದರೆ ಎಲ್ಲವೂ ಸಿಗುತ್ತದೆ. ನೀರು ಕುಡಿಯಲು ಇಷ್ಟ ಅಂದರೆ ಕುಡಿಯಿರಿ. ಅದನ್ನು ಔಷಧಿ ಅಂತ ಮಾತ್ರ ತಿಳಿಯಬೇಡಿ.

ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಮಾತ್ರೆ ತಗೊಳ್ಳುವವರು ಬೆಂಡೆಕಾಯಿ ತಿನ್ನಬಾರದು ಅನ್ನುತ್ತಾರೆ. ನಿಜವಾ?

ಈ ಮಾತಿನ ಹಿಂದೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅದು ಇಲಿಗಳ ಮೇಲೆ ಮಾಡಿದ್ದು. ಬೆಂಡೆಕಾಯಿಯ ನೀರಿನ ಸಾರವನ್ನೂ ಮೆಟ್ಫಾರ್ಮಿನ್ನನ್ನೂ ಒಟ್ಟಿಗೇ ಕೊಟ್ಟಾಗ ಔಷಧಿ ದೇಹಕ್ಕೆ ಸೇರುವುದು ಕಡಿಮೆಯಾಯಿತು. ಪಲ್ಯ ತಿಂದ ಮನುಷ್ಯರಲ್ಲಿ ಹಾಗೇ ಆಗುತ್ತದೆ ಅಂತ ಇದರಿಂದ ತೀರ್ಮಾನಿಸಲು ಆಗುವುದಿಲ್ಲ. ಊಟಕ್ಕೆ ಪಲ್ಯ ತಿನ್ನುವವರು ಹೆದರಬೇಕಿಲ್ಲ. ಆದರೆ ಬೆಂಡೆಕಾಯಿ ನೀರು, ಪುಡಿ, ಕ್ಯಾಪ್ಸೂಲ್ ಅಂತ ದಿನಾ ತಗೊಳ್ಳುವವರು ಅದನ್ನು ಡಾಕ್ಟರಿಗೆ ಹೇಳಿಬಿಡಿ. ಮಾತ್ರೆಯ ಹೊತ್ತಿಗೇ ಸರಿಯಾಗಿ ಆ ನೀರು ಕುಡಿಯಬೇಡಿ.

ಕೊಲೆಸ್ಟ್ರಾಲ್ ಇಳಿಸುತ್ತಾ?

ಸಹಾಯ ಮಾಡಬಹುದು. ಕರುಳಿನಲ್ಲಿ ಪಿತ್ತರಸದ ಆಮ್ಲಗಳು ಇರುತ್ತವಲ್ಲ, ಅವನ್ನು ಕರಗುವ ನಾರು ಹಿಡಿದುಕೊಂಡು ಮಲದ ಜೊತೆ ಹೊರಗೆ ಕಳಿಸುತ್ತದೆ. ಆಗ ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಲ್ಲಿರುವ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುತ್ತದೆ. ಒಂದು ತರಕಾರಿಯಿಂದ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ. ಇಡೀ ದಿನದ ಊಟದಲ್ಲಿ ನಾರು ಎಷ್ಟಿದೆ ಅನ್ನುವುದೇ ಮುಖ್ಯ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಬಟ್ಟಲು ಬೆಂಡೆಕಾಯಿ ಪಲ್ಯದಿಂದ ಮೂರ್ನಾಲ್ಕು ಗ್ರಾಂ ಬರುತ್ತದೆ, ಉಳಿದದ್ದು ಬೇರೆ ಕಡೆಯಿಂದ ಬರಬೇಕು.

ಮಲಬದ್ಧತೆಗೆ ಒಳ್ಳೆಯದು ಅನ್ನುತ್ತಾರೆ, ನನಗೆ ಗ್ಯಾಸ್ ಆಗುತ್ತದಲ್ಲ?

ಎರಡೂ ನಿಜ ಇರಬಹುದು. ನಾರು ನೀರನ್ನು ಹಿಡಿದಿಡುವುದರಿಂದ ಮಲ ಮೆತ್ತಗಾಗುತ್ತದೆ. ಅದೇ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಹುದುಗಿಸುತ್ತವೆ. ಅದರಿಂದ ಕರುಳಿನ ಒಳಪದರಕ್ಕೆ ಬೇಕಾದ ಆಮ್ಲಗಳೂ ಬರುತ್ತವೆ, ಗ್ಯಾಸೂ ಬರುತ್ತದೆ. ಇಷ್ಟು ದಿನ ನಾರು ಕಡಿಮೆ ತಿನ್ನುತ್ತಿದ್ದವರು ಒಂದೇ ಸಲ ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುವುದು ಸಹಜ. ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಆದರೂ ಪ್ರತಿ ಸಲ ನೋವು, ಉಬ್ಬರ ಆಗುತ್ತಿದ್ದರೆ ನಿಮ್ಮ ಹೊಟ್ಟೆಗೆ ಅದು ಒಗ್ಗುತ್ತಿಲ್ಲ. ಬಲವಂತ ಮಾಡಬೇಡಿ.

ಗರ್ಭಿಣಿಯರು ತಿನ್ನಬಹುದಾ?

ತಿನ್ನಬಹುದು, ಒಳ್ಳೆಯದು. ಚೆನ್ನಾಗಿ ತೊಳೆದು ಬೇಯಿಸಿದ್ದಾಗಿರಲಿ. ಮಗುವಿನ ಮೆದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ಮೊದಲ ವಾರಗಳಲ್ಲಿ ಫೋಲೇಟ್ ತುಂಬಾ ಮುಖ್ಯ. ಆದರೆ ಲೆಕ್ಕ ನೋಡಿ. 100 ಗ್ರಾಂ ಹಸಿ ಬೆಂಡೆಕಾಯಿಯಲ್ಲಿ 60 ಮೈಕ್ರೋಗ್ರಾಂ, ಬೇಯಿಸಿದಾಗ ಇನ್ನೂ ಸ್ವಲ್ಪ ಇಳಿಯುತ್ತದೆ. ಗರ್ಭಿಣಿಯರಿಗೆ ಹೇಳಿರುವ ಫೋಲಿಕ್ ಆಸಿಡ್ (ಮಾತ್ರೆಯ ರೂಪದ ಫೋಲೇಟ್) ಮಾತ್ರೆಯಲ್ಲಿ 400 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ತರಕಾರಿ ತಿನ್ನುತ್ತೇನಲ್ಲ ಅಂತ ಮಾತ್ರೆ ಬಿಡಬಾರದು.

ಲೋಳೆ ತಿಂದರೆ ಮಂಡಿಯ ಸವೆತ ಸರಿಹೋಗುತ್ತಾ?

ಇದು ಮೊಬೈಲಿನಿಂದ ಮೊಬೈಲಿಗೆ ಓಡಾಡುವ ಮಾತು. ತಿಂದ ಲೋಳೆ ಮಂಡಿಗೆ ಹೋಗುವ ದಾರಿಯೇ ಇಲ್ಲ. ಅದು ಕರುಳಿನಲ್ಲೇ ಇದ್ದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ಉಳಿದದ್ದು ಹೊರಗೆ ಹೋಗುತ್ತದೆ. ಮಂಡಿಯ ಕೀಲಿನಲ್ಲಿರುವ ದ್ರವವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಎರಡೂ ಜಾರುತ್ತವೆ ಅನ್ನುವುದೊಂದೇ ಹೋಲಿಕೆ. ನೋವು ಇದ್ದವರು ಇದನ್ನು ನಂಬಿ ತಿಂಗಳುಗಟ್ಟಲೆ ಚಿಕಿತ್ಸೆ ಮುಂದೂಡುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಬುದ್ಧಿ ಚುರುಕಾಗುತ್ತಾ?

ಬೆಂಡೆಕಾಯಿ ತಿಂದದ್ದರಿಂದಲೇ ಲೆಕ್ಕ ಚೆನ್ನಾಗಿ ಬರುತ್ತದೆ ಅನ್ನಲು ಆಧಾರ ಇಲ್ಲ. ಮಕ್ಕಳು ತರಕಾರಿ ತಿನ್ನಲಿ ಅನ್ನುವ ಪ್ರೀತಿಯಿಂದ ಹೇಳುವ ಮಾತು ಅದು.

ಯಾರು ಹುಷಾರಾಗಿರಬೇಕು?

ಮುಖ್ಯವಾಗಿ ಎರಡು ಗುಂಪಿನವರು. ಒಂದು, ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆಗಿರುವವರು. ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಈ ಆಕ್ಸಲೇಟ್ ಅನ್ನುವ ಅಂಶ ಬೆಂಡೆಕಾಯಿಯಲ್ಲಿ ಇದೆ. ಅಪರೂಪಕ್ಕೆ ಸ್ವಲ್ಪ ತಿನ್ನುವುದು ಬೇರೆ, ದಿನಾ ಬಟ್ಟಲುಗಟ್ಟಲೆ ತಿನ್ನುವುದು ಬೇರೆ. ಇಂಥವರು ಮೊಸರಿನಂಥ ಕ್ಯಾಲ್ಸಿಯಂ ಇರುವ ಪದಾರ್ಥದ ಜೊತೆ ತಿಂದರೆ ಆಕ್ಸಲೇಟ್ ಕರುಳಿನಲ್ಲೇ ಕ್ಯಾಲ್ಸಿಯಂ ಜೊತೆ ಸೇರಿ ಹೊರಗೆ ಹೋಗುತ್ತದೆ, ಕಿಡ್ನಿಗೆ ತಲುಪುವುದು ಕಡಿಮೆಯಾಗುತ್ತದೆ. ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು. ವಿಟಮಿನ್ ಕೆ ಆ ಔಷಧಿಗೆ ಎದುರಾಗಿ ಕೆಲಸ ಮಾಡುತ್ತದೆ. ಸೊಪ್ಪುಗಳಿಗೆ ಹೋಲಿಸಿದರೆ ಬೆಂಡೆಕಾಯಿಯಲ್ಲಿ ಅದು ಕಡಿಮೆಯೇ. ಆದರೂ ಒಂದು ವಾರ ಏನೂ ಇಲ್ಲ, ಮುಂದಿನ ವಾರ ದಿನಾ ಅನ್ನುವ ಹಾಗೆ ಏರುಪೇರು ಮಾಡಬೇಡಿ. ಪ್ರಮಾಣ ಒಂದೇ ಸಮ ಇರಲಿ.

ತೂಕ ಇಳಿಸಲು ಸಹಾಯವಾಗುತ್ತಾ?

ಕಾಯಿಯಲ್ಲಿ ಕ್ಯಾಲೊರಿ ಕಡಿಮೆ, ಹೊಟ್ಟೆ ತುಂಬಿದ ಹಾಗೂ ಅನಿಸುತ್ತದೆ. ಆದರೆ ಎಣ್ಣೆ ಕಡೆ ನೋಡಿ. ಒಂದು ಟೀ ಚಮಚ ಎಣ್ಣೆ ಅಂದರೆ ಸುಮಾರು 40 ಕ್ಯಾಲೊರಿ. ಅಂದರೆ 100 ಗ್ರಾಂ ಬೆಂಡೆಕಾಯಿಗಿಂತ ಅದೇ ಜಾಸ್ತಿ. ಕರಿದರೆ ಲೆಕ್ಕವೇ ಬೇರೆ.

ಒಳ್ಳೆ ಬೆಂಡೆಕಾಯಿ ಆರಿಸುವುದು ಹೇಗೆ?

ಚೂಪು ತುದಿ ಪಟ್ ಅಂತ ಮುರಿದರೆ ಎಳೆಕಾಯಿ. ಬಾಗಿ ನಾರಿನ ಹಾಗೆ ಜಗ್ಗಿದರೆ ಬಲಿತದ್ದು. ಆದರೆ ಕೊಳ್ಳುವ ಮೊದಲೇ ಎಲ್ಲ ಕಾಯಿಯ ತುದಿ ಮುರಿದು ಇಡುವುದು ಸರಿಯಲ್ಲ, ಮುರಿದ ಕಾಯಿ ಬೇಗ ಕಪ್ಪಾಗಿ ಹಾಳಾಗುತ್ತದೆ. ಮುರಿಯದೆಯೂ ಗೊತ್ತಾಗುತ್ತದೆ. ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿ. ಎಳೆಕಾಯಿ ಬಿಗಿಯಾಗಿದ್ದರೂ ಒಂಚೂರು ಬಳುಕುತ್ತದೆ. ಬಲಿತ ಕಾಯಿ ಕಟ್ಟಿಗೆಯಂತೆ ಗಟ್ಟಿ, ಒಳಗಿನ ಬೀಜ ಬೆರಳಿಗೆ ಉಬ್ಬುಬ್ಬಾಗಿ ಸಿಗುತ್ತದೆ.

ಸಾಮಾನ್ಯವಾಗಿ 7ರಿಂದ 10 ಸೆಂಟಿಮೀಟರ್ ಉದ್ದದ ಕಾಯಿ ಒಳ್ಳೆಯದು. ಕೆಲವು ತಳಿಗಳಲ್ಲಿ ಉದ್ದ ಕಾಯಿಯೂ ಎಳಸಾಗೇ ಇರುತ್ತದೆ, ಹಾಗಾಗಿ ಉದ್ದಕ್ಕಿಂತ ಕೈಯ ಪರೀಕ್ಷೆಯೇ ನಂಬಿಕೆಯದು. ಮೇಲೆ ಸಣ್ಣ ತೂತು ಕಂಡರೆ ಒಳಗೆ ಹುಳ ಇರಬಹುದು. ಮೈಮೇಲೆ ಕಪ್ಪು ಮಚ್ಚೆ, ಜಾರುವ ತೊಟ್ಟು ಇದ್ದರೆ ಬಿಟ್ಟುಬಿಡಿ.

ತೊಳೆಯುವುದು ಹೆಚ್ಚುವ ಮೊದಲಾ, ಆಮೇಲಾ?

ಮೊದಲು. ಯಾವಾಗಲೂ ಮೊದಲು. ಇಡೀ ಕಾಯಿಯನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಮೈಮೇಲಿನ ಸಣ್ಣ ಕೂದಲಲ್ಲಿ ಧೂಳು, ಹುಳಕ್ಕೆ ಹೊಡೆದ ಔಷಧಿ ಕೂತಿರುತ್ತದೆ. ಸೋಪು ಬೇಡ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಹರಡಿ ಆರಲು ಬಿಡಿ. ಕಾಯಿ ಪೂರ್ತಿ ಒಣಗಿರಬೇಕು. ಚಾಕು, ಹಲಗೆ, ನಿಮ್ಮ ಕೈ ಕೂಡ ಒಣಗಿರಬೇಕು. ಪುರಸೊತ್ತಿದ್ದರೆ ರಾತ್ರಿಯೇ ತೊಳೆದು ಬಟ್ಟೆಯ ಮೇಲೆ ಹರಡಿ, ಬೆಳಿಗ್ಗೆ ಹೆಚ್ಚಿ.

ಪಲ್ಯ ಅಂಟಂಟಾಗದೆ ಬಿಡಿಬಿಡಿಯಾಗಿ ಬರಲು ಏನು ಮಾಡಬೇಕು?

ಇದೇ ಎಲ್ಲರ ಪ್ರಶ್ನೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದು ಸೆಂಟಿಮೀಟರಿಗಿಂತ ಸಣ್ಣಗೆ ಹೆಚ್ಚಬೇಡಿ. ಅಗಲ ಬಾಣಲೆ ತಗೊಳ್ಳಿ. ಕಿರಿದಾದ ಪಾತ್ರೆಯಲ್ಲಿ ಕಾಯಿ ಒಂದರ ಮೇಲೊಂದು ಬೀಳುತ್ತದೆ, ಕೆಳಗಿನದರ ಹಬೆ ಮೇಲಿನದನ್ನು ತೋಯಿಸುತ್ತದೆ. ಅಲ್ಲಿಗೆ ಹುರಿಯುವುದು ನಿಂತು ಬೇಯುವುದು ಶುರುವಾಗುತ್ತದೆ. ಕಾಯಿ ಜಾಸ್ತಿ ಇದ್ದರೆ ಎರಡು ಸಲ ಮಾಡಿ.

ಎಣ್ಣೆ ಚೆನ್ನಾಗಿ ಕಾದ ಮೇಲೆ ಒಗ್ಗರಣೆ ಹಾಕಿ, ಕಾಯಿ ಹಾಕಿ, ಒಂದೇ ಪದರಕ್ಕೆ ಹರಡಿ. ಉರಿ ಮಧ್ಯಮಕ್ಕಿಂತ ಸ್ವಲ್ಪ ಮೇಲಿರಲಿ. ಮುಚ್ಚಳ ಬೇಡವೇ ಬೇಡ. ಮೊದಲ ಎರಡು ನಿಮಿಷ ಸುಮ್ನೆ ಬಿಡಿ, ಕೈ ಹಾಕಬೇಡಿ.

ಆಮೇಲೆ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಗುಚಿ. ಈಗ ಕಾಯಿ ಕಡು ಹಸಿರಾಗಿ ಹೊಳೆಯುತ್ತದೆ. ಸೌಟು ಎತ್ತಿದರೆ ಬಿಳಿ ಎಳೆಗಳು ಜೊತೆಗೇ ಎದ್ದು ಬರುತ್ತವೆ. ಇಲ್ಲೇ ತುಂಬಾ ಜನ ಗಾಬರಿಯಾಗುವುದು. ಲೋಳೆ ಜಾಸ್ತಿ ಆಯಿತು ಅಂತ ನೀರು ಚಿಮುಕಿಸುತ್ತಾರೆ, ಇಲ್ಲವೇ ಮುಚ್ಚಿಡುತ್ತಾರೆ, ಇಲ್ಲವೇ ಬಿಡದೆ ತಿರುವುತ್ತಾರೆ. ಮೂರೂ ಬೇಡ. ಎಳೆ ಬರುವುದು ಒಳಗಿನ ನೀರು ಹೊರಗೆ ಬರುತ್ತಿರುವುದರ ಗುರುತು. ಅದು ಆವಿಯಾಗಲು ಬಿಡಬೇಕು. ಎರಡು ಮೂರು ನಿಮಿಷಕ್ಕೊಮ್ಮೆ ಮಗುಚಿದರೆ ಸಾಕು.

ಎಂಟು ಹತ್ತು ನಿಮಿಷದ ಹೊತ್ತಿಗೆ ಎಳೆಗಳು ಗಿಡ್ಡವಾಗುತ್ತವೆ, ಸೌಟಿಗೆ ಅಂಟುವುದು ನಿಲ್ಲುತ್ತದೆ. ಬಾಣಲೆಯ ಸದ್ದೂ ಬದಲಾಗುತ್ತದೆ. ಮೊದಲಿನ ಸೊಂಯ್ ಅನ್ನುವ ಹಸಿ ಸದ್ದು ಹೋಗಿ ಚಟಪಟ ಅನ್ನುತ್ತದೆ. ಅಂಚು ಕಂದು ಬಣ್ಣಕ್ಕೆ ತಿರುಗಿ, ಚೂರುಗಳು ಒಂದಕ್ಕೊಂದು ಅಂಟದೆ ಉರುಳತೊಡಗಿದರೆ ಹದ ಬಂತು. ಒಟ್ಟು ಹನ್ನೆರಡರಿಂದ ಹದಿನೈದು ನಿಮಿಷ ಬೇಕಾಗಬಹುದು. ಉಪ್ಪು, ಖಾರದ ಪುಡಿ ಈಗ ಹಾಕಿ, ಇನ್ನೊಂದು ನಿಮಿಷ ಬಾಡಿಸಿ ಇಳಿಸಿ.

ಉಪ್ಪು ಕೊನೆಗೇ ಯಾಕೆ? ಹುಳಿ ಯಾವಾಗ ಹಾಕಬೇಕು?

ಉಪ್ಪು ಕಾಯಿಯೊಳಗಿನ ನೀರನ್ನು ಎಳೆದು ಹೊರಗೆ ತರುತ್ತದೆ. ಮೊದಲೇ ಹಾಕಿದರೆ ಬಾಣಲೆ ಒದ್ದೆಯಾಗುತ್ತದೆ, ಹುರಿಯಲು ಇನ್ನಷ್ಟು ಹೊತ್ತು ಬೇಕು.

ಹುಳಿಯ ಕತೆ ಸ್ವಲ್ಪ ಸೂಕ್ಷ್ಮ. ನಿಂಬೆರಸ, ಹುಣಸೆ ರಸ, ಟೊಮೆಟೊ, ಮೊಸರು ಯಾವುದಾದರೂ ಲೋಳೆಯನ್ನು ತೆಳುವಾಗಿಸುತ್ತದೆ. ಆದರೆ ಹುಳಿ ಬಿದ್ದ ತರಕಾರಿ ಮೆತ್ತಗಾಗಲು ಹೊತ್ತು ಹಿಡಿಯುತ್ತದೆ, ಹಸಿರು ಬಣ್ಣವೂ ಮಂಕಾಗುತ್ತದೆ. ಒಣ ಪಲ್ಯಕ್ಕಾದರೆ ಮುಕ್ಕಾಲು ಹುರಿದ ಮೇಲೆ ನಾಲ್ಕು ಹನಿ ನಿಂಬೆರಸ ಸಾಕು. ಹುಳಿ ರಸದಲ್ಲಿ ಕುದಿಸುವ ಅಡುಗೆಯಾದರೆ ಕಾಯಿಯನ್ನು ಎಣ್ಣೆಯಲ್ಲಿ ಬೇರೆಯಾಗಿ ಹುರಿದುಕೊಳ್ಳಿ. ರಸ ಕುದ್ದು ಹದವಾದ ಮೇಲೆ ಕೊನೆಯ ಐದು ನಿಮಿಷಕ್ಕೆ ಕಾಯಿ ಸೇರಿಸಿ. ಮೊಸರಿನ ಜೊತೆಯಾದರೆ ಹುರಿದ ಕಾಯಿ ಪೂರ್ತಿ ಆರಿದ ಮೇಲೆ, ಬಡಿಸುವ ಹೊತ್ತಿಗೆ ಬೆರೆಸಿ.

ಇಡೀ ಕಾಯಿ ಬೇಯಿಸಿದರೆ ಲೋಳೆ ಬರುವುದಿಲ್ಲವಾ?

ತುಂಬಾ ಕಡಿಮೆ. ಕತ್ತರಿಸದಿದ್ದರೆ ಲೋಳೆ ಒಳಗೇ ಉಳಿಯುತ್ತದೆ. ತೊಟ್ಟನ್ನು ಅಡ್ಡಲಾಗಿ ಕೊಯ್ಯಬೇಡಿ. ಪೆನ್ಸಿಲ್ ಚೂಪು ಮಾಡುವ ಹಾಗೆ ಸುತ್ತಲೂ ತೆಳ್ಳಗೆ ಹೆರೆಯಿರಿ, ಒಳಗಿನ ಬೀಜದ ಮನೆ ತೆರೆದುಕೊಳ್ಳದಂತೆ ನೋಡಿಕೊಳ್ಳಿ. ಎಳೆಕಾಯಿಗಳು ಹಬೆಯಲ್ಲಿ ಐದಾರು ನಿಮಿಷಕ್ಕೇ ಬೇಯುತ್ತವೆ. ಮೇಲೆ ಉಪ್ಪು, ಮೆಣಸು, ನಿಂಬೆರಸ ಹಾಕಿದರೆ ಸಾಕು. ಬೆಂಡೆಕಾಯಿಯ ನಿಜವಾದ ರುಚಿ ಗೊತ್ತಾಗುವುದು ಹೀಗೆ ತಿಂದಾಗ ಅಂತ ನನ್ನ ಅಭಿಪ್ರಾಯ.

ಲೋಳೆ ಬೇಕು ಅನ್ನುವ ಅಡುಗೆಯೂ ಇದೆಯಾ?

ಇದೆ. ಗಟ್ಟಿ ರಸ ಬೇಕಾದ ಅಡುಗೆಗೆ ಹಿಟ್ಟು ಕದಡುವ ಬದಲು ಸಣ್ಣಗೆ ಹೆಚ್ಚಿದ ಬೆಂಡೆಕಾಯಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿದರೆ ರಸ ತಾನಾಗೇ ಮಂದವಾಗುತ್ತದೆ. ಸೂಪಿಗೂ ಇದು ಚೆನ್ನ. ಇಲ್ಲಿ ಹುಳಿಯನ್ನು ಕೊನೆಗೆ, ಸ್ವಲ್ಪವೇ ಹಾಕಿ. ಕರಗಿದ ನಾರೆಲ್ಲ ರಸದಲ್ಲೇ ಇರುವುದರಿಂದ ಒಂದು ಹನಿಯೂ ವ್ಯರ್ಥವಾಗುವುದಿಲ್ಲ.

ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಕಪ್ಪಾಗುತ್ತದೆ. ತಿನ್ನಬಹುದಾ?

ಧಾರಾಳವಾಗಿ. ಕಾಯಿಯಲ್ಲಿರುವ ಒಗರಿನ ಅಂಶಗಳು ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಬರುತ್ತದೆ, ತೊಂದರೆ ಏನಿಲ್ಲ. ಹಸಿರಾಗೇ ಇರಬೇಕು ಅಂದರೆ ಸ್ಟೀಲ್ ಅಥವಾ ನಾನ್‌ಸ್ಟಿಕ್ ಬಳಸಿ. ಕಬ್ಬಿಣದ್ದರಲ್ಲಿ ಮಾಡಿದ್ದನ್ನು ಅದರಲ್ಲೇ ಬಿಡದೆ ಬೇರೆ ಪಾತ್ರೆಗೆ ತೆಗೆದಿಡಿ.

ಸೋಡಾ ಹಾಕಿದರೆ ಹಸಿರು ಉಳಿಯುತ್ತಂತೆ?

ಉಳಿಯುತ್ತದೆ. ಆದರೆ ಕಾಯಿ ಮುದ್ದೆಯಾಗುತ್ತದೆ, ವಿಟಮಿನ್ ಸಿ ಹಾಳಾಗುತ್ತದೆ. ಬೇಡ.

ಕಡಿಮೆ ಎಣ್ಣೆಯಲ್ಲಿ ಗರಿಗರಿಯಾಗಿ ಮಾಡಬಹುದಾ?

ಮಾಡಬಹುದು. ಉದ್ದುದ್ದ ಸೀಳಿಕೊಂಡು, ಎರಡು ಚಮಚ ಕಡಲೆ ಹಿಟ್ಟು, ಖಾರದ ಪುಡಿ, ಒಂದು ಚಮಚ ಎಣ್ಣೆ ಸವರಿ. ಕಾಯಿಯ ಅಂಟೇ ಹಿಟ್ಟನ್ನು ಹಿಡಿದುಕೊಳ್ಳುತ್ತದೆ, ನೀರು ಬೇಕಿಲ್ಲ. ಓವನ್ನಿನಲ್ಲಿ 220 ಡಿಗ್ರಿಗೆ ಬಿಸಿ ಮಾಡಿ, ತಟ್ಟೆಯಲ್ಲಿ ಒಂದೇ ಪದರ ಹರಡಿ, ಹದಿನೈದರಿಂದ ಇಪ್ಪತ್ತು ನಿಮಿಷ ಇಡಿ. ನಡುವೆ ಒಮ್ಮೆ ತಿರುಗಿಸಿ. ಏರ್ ಫ್ರೈಯರ್ ಆದರೆ ಇನ್ನೂ ಬೇಗ. ಉಪ್ಪು ಹೊರಗೆ ತೆಗೆದ ಮೇಲೆ ಉದುರಿಸಿ. ಬಿಸಿಯಿರುವಾಗಲೇ ತಿನ್ನಿ, ಆರಿದರೆ ಮೆತ್ತಗಾಗುತ್ತದೆ.

ಹಸಿಯಾಗಿ ತಿನ್ನಬಹುದಾ?

ಎಳೆಕಾಯಿಯಾದರೆ ತಿನ್ನಬಹುದು. ಮೊದಲು ಕರುಂ ಅನ್ನುತ್ತದೆ, ಅಗಿದ ಮೇಲೆ ಜಾರುತ್ತದೆ. ತೆಳ್ಳಗೆ ಬಿಲ್ಲೆ ಮಾಡಿ ಸಲಾಡಿಗೆ ಹಾಕಿ, ನಿಂಬೆರಸ ಹಿಂಡಿ. ಮೈಮೇಲಿನ ಕೂದಲು ನಾಲಿಗೆಗೆ ಚುಚ್ಚುವ ಹಾಗಿದ್ದರೆ ಸ್ವಲ್ಪ ಉಪ್ಪಿನಲ್ಲಿ ಉಜ್ಜಿ ತೊಳೆದರೆ ಹೋಗುತ್ತದೆ.

ಕೆಂಪು ಬೆಂಡೆಕಾಯಿ ಬೇಯಿಸಿದರೆ ಹಸಿರಾಯಿತಲ್ಲ?

ಆ ಕೆಂಪು ಬಣ್ಣ ಬಿಸಿ ತಡೆಯುವುದಿಲ್ಲ, ನೀರಿನಲ್ಲೂ ಕರಗುತ್ತದೆ. ಒಳಗೆ ಇದ್ದ ಹಸಿರು ಆಗ ಕಾಣುತ್ತದೆ. ರುಚಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಬಣ್ಣ ಬೇಕಾದರೆ ಹಸಿಯಾಗೇ ತಿನ್ನಿ.

ಮಕ್ಕಳಿಗೆ ಯಾವಾಗಿನಿಂದ ಕೊಡಬಹುದು?

ಆರು ತಿಂಗಳ ನಂತರ ಬೇರೆ ಆಹಾರ ಶುರುವಾದ ಮೇಲೆ, ಚೆನ್ನಾಗಿ ಬೇಯಿಸಿ ಮಸೆದು ಕೊಡಬಹುದು. ಎಳೆಕಾಯಿಯನ್ನೇ ಆರಿಸಿ, ನಾರು ಇದ್ದರೆ ತೆಗೆಯಿರಿ, ಉಪ್ಪು ಬೇಡ. ಸ್ವಲ್ಪ ದೊಡ್ಡ ಮಕ್ಕಳು ಲೋಳೆ ಅಂತ ಮುಖ ತಿರುಗಿಸಿದರೆ ಗರಿಗರಿಯಾಗಿ ಹುರಿದು ಕೊಡಿ. ಇಷ್ಟಪಡದ ಮಗುವಿಗೆ ಬಾಯಿಗೆ ತುರುಕಬೇಡಿ.

ಹೆಚ್ಚುವಾಗ ಕೈ ತುರಿಸುತ್ತದೆ, ಯಾಕೆ?

ಕಾಯಿಯ ಮೇಲಿನ ಸಣ್ಣ ಕೂದಲು ಚರ್ಮಕ್ಕೆ ತಾಗಿ ಕೆಲವರಿಗೆ ತುರಿಕೆ ಬರುತ್ತದೆ. ಗಿಡದಿಂದ ಕಾಯಿ ಕೀಳುವವರಿಗೆ ಇನ್ನೂ ಜಾಸ್ತಿ. ಗ್ಲೌಸ್ ಹಾಕಿಕೊಳ್ಳಿ, ತುಂಬು ತೋಳಿನ ಬಟ್ಟೆ ಇರಲಿ. ಬೇಯಿಸಿದ ಮೇಲೆ ಆ ತೊಂದರೆ ಇರುವುದಿಲ್ಲ. ತಿಂದ ಮೇಲೆ ತುಟಿ, ಗಂಟಲು ಊದಿದರೆ ಅದು ಬೇರೆ ವಿಷಯ, ಅಲರ್ಜಿ ಇರಬಹುದು. ತಕ್ಷಣ ಡಾಕ್ಟರ ಬಳಿ ಹೋಗಿ.

ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು?

ಮೂರ್ನಾಲ್ಕು ದಿನ. ಬೆಂಡೆಕಾಯಿಗೆ ಅತಿ ತಂಪು ಆಗುವುದಿಲ್ಲ. 7 ಡಿಗ್ರಿಗಿಂತ ಕೆಳಗೆ ತುಂಬಾ ದಿನ ಇದ್ದರೆ ಮೈಮೇಲೆ ಗುಳಿ ಬಿದ್ದು ಕಪ್ಪಾಗುತ್ತದೆ. ತೊಳೆಯದೆ, ಕಾಗದದಲ್ಲಿ ಸುತ್ತಿ, ಕೆಳಗಿನ ತರಕಾರಿ ಡಬ್ಬದಲ್ಲಿ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದರೆ ಬೆವರಿ ಲೋಳೆಯಾಗುತ್ತದೆ.

ತಿಂಗಳುಗಟ್ಟಲೆ ಇಡಬೇಕಾದರೆ ಇಡೀ ಕಾಯಿಯನ್ನು ಕುದಿಯುವ ನೀರಿನಲ್ಲಿ ಹಾಕಿ. ಸಣ್ಣದಕ್ಕೆ 3 ನಿಮಿಷ, ದೊಡ್ಡದಕ್ಕೆ 4 ನಿಮಿಷ. ತಕ್ಷಣ ಐಸ್ ನೀರಿಗೆ ಹಾಕಿ ಆರಿಸಿ, ಚೆನ್ನಾಗಿ ಒರೆಸಿ, ಫ್ರೀಜರಿನಲ್ಲಿ ಇಡಿ. ಅಡುಗೆ ಮಾಡುವಾಗ ಕರಗಲು ಬಿಡದೆ ನೇರವಾಗಿ ಬಿಸಿ ಬಾಣಲೆಗೆ ಹಾಕಿ. ಇಂಥ ಕಾಯಿ ರಸದ ಅಡುಗೆಗೆ ಚೆನ್ನ. ಒಣ ಪಲ್ಯಕ್ಕೆ ತಾಜಾ ಕಾಯಿಯೇ ಬೇಕು.

ಕುಂಡದಲ್ಲಿ ಬೆಳೆಯಬಹುದಾ?

ಬೆಳೆಯಬಹುದು, ಬಿಸಿಲು ಚೆನ್ನಾಗಿ ಬೀಳಬೇಕು. ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು, ಆಳವಾದ ಕುಂಡ, ನೀರು ನಿಲ್ಲದ ಮಣ್ಣು. ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿ. ಮಣ್ಣು ಬೆಚ್ಚಗಿದ್ದರೆ ಬೇಗ ಮೊಳೆಯುತ್ತದೆ. ಎರಡು ತಿಂಗಳ ಒಳಗೆ ಹೂ ಕಾಣುತ್ತದೆ. ಒಂದೊಂದು ಹೂವೂ ಒಂದೇ ದಿನ ಅರಳಿರುತ್ತದೆ. ಅದಾಗಿ ನಾಲ್ಕರಿಂದ ಆರು ದಿನಕ್ಕೆ ಕಾಯಿ ಕೀಳಲು ಸಿದ್ಧ.

ಎರಡು ದಿನಕ್ಕೊಮ್ಮೆ ಕೀಳುತ್ತಲೇ ಇರಿ. ಒಂದೆರಡು ಕಾಯಿ ಎಲೆ ಮರೆಯಲ್ಲಿ ಬಲಿಯಲು ಬಿಟ್ಟರೂ ಗಿಡ ತನ್ನ ಶಕ್ತಿಯನ್ನು ಬೀಜಕ್ಕೆ ಹಾಕಿ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಬಲಿತ ಕಾಯಿ ಮನೆಗೆ ಬಂದುಬಿಟ್ಟರೆ ಏನು ಮಾಡುವುದು?

ಸಿಪ್ಪೆಯ ನಾರು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಅದರ ಜೊತೆ ಗುದ್ದಾಡಬೇಡಿ. ಉದ್ದಕ್ಕೆ ಸೀಳಿ ಬೀಜ ಬಿಡಿಸಿಕೊಳ್ಳಿ. ಬೀಜ ಇನ್ನೂ ಬೆಳ್ಳಗೆ ಮೆತ್ತಗಿದ್ದರೆ ಹಸಿ ಬಟಾಣಿಯ ಹಾಗೆ ಬೇಯಿಸಿ ಪಲ್ಯಕ್ಕೋ ಅನ್ನಕ್ಕೋ ಬೆರೆಸಬಹುದು. ಸಿಪ್ಪೆಯನ್ನು ನೀರಿನಲ್ಲಿ ಕುದಿಸಿ ಸೋಸಿದರೆ ಮಂದವಾದ ರಸ ಸಿಗುತ್ತದೆ, ಸೂಪಿಗೆ ಬರುತ್ತದೆ. ಬೀಜ ಕಪ್ಪಾಗಿ ಗಟ್ಟಿಯಾಗಿದ್ದರೆ ಕಾಯಿಯನ್ನು ಪೂರ್ತಿ ಒಣಗಿಸಿ, ಬೀಜ ತೆಗೆದು ಡಬ್ಬದಲ್ಲಿಡಿ. ಮುಂದಿನ ಬಿತ್ತನೆಗೆ ಆಗುತ್ತದೆ. ಹೈಬ್ರಿಡ್ ತಳಿಯಾದರೆ ಅದರಿಂದ ಹುಟ್ಟುವ ಗಿಡ ತಾಯಿಗಿಡದ ಹಾಗೇ ಬರುವುದಿಲ್ಲ, ನಾಟಿ ತಳಿಯದ್ದನ್ನೇ ಬೀಜಕ್ಕೆ ಉಳಿಸಿಕೊಳ್ಳಿ.